ಚಾರ್ಜರ್ 12.60 ಅನ್ನುತ್ತದೆ, ಮೀಟರ್ 12.71 ಅನ್ನುತ್ತದೆ. ಯಾವುದನ್ನು ನಂಬಬೇಕು?

ಪೇರಲತೋಟ, ನವಲೂರು:

ಎಲ್ಲರಿಗೂ ನಮಸ್ಕಾರ. ನಾನು ಫೋಮ್ ಹಾಳೆಯಲ್ಲಿ ವಿಮಾನ ಕಟ್ಟಿ ಹಾರಿಸುತ್ತೇನೆ. ನನ್ನ ಬ್ಯಾಟರಿಗಳೆಲ್ಲ ಮೂರು ಸೆಲ್ಲಿನ ಲಿಪೋ (ಲಿಥಿಯಂ ಪಾಲಿಮರ್), 2200 ಎಂಎಎಚ್. ಪೂರ್ತಿ ತುಂಬಿದರೆ ಸೆಲ್ಲಿಗೆ 4.20 ವೋಲ್ಟ್, ಮೂರೂ ಸೇರಿ 12.60 ಇರಬೇಕು. ಚಾರ್ಜರ್ ಎರಡಿವೆ. ಒಂದು ಹೊಸದು, ಬಣ್ಣದ ಸ್ಕ್ರೀನಿನದು. ಇನ್ನೊಂದು ಹಳೇದು, ನೀಲಿ ಸ್ಕ್ರೀನಿನಲ್ಲಿ ಎರಡು ಸಾಲು ಬರುತ್ತದಲ್ಲ, ಆ ತರಹದ್ದು. ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಎರಡೂ ಬ್ಯಾಲೆನ್ಸ್ ಚಾರ್ಜ್ ಮಾಡುತ್ತವೆ, ಅಂದರೆ ಒಂದೊಂದು ಸೆಲ್ಲನ್ನೂ ಬೇರೆಯಾಗಿ ನೋಡಿ ಸಮ ಮಾಡಿ ತುಂಬಿಸುತ್ತವೆ.

ಚಾರ್ಜ್ ಮುಗಿದಾಗ ಎರಡೂ ಚಾರ್ಜರ್ 12.60 ತೋರಿಸುತ್ತವೆ. ಅದೇ ಬ್ಯಾಟರಿಗೆ ನನ್ನ ಹಳದಿ ಮಲ್ಟಿಮೀಟರ್ ಹಿಡಿದರೆ 12.71 ಬರುತ್ತದೆ. ಯಾವ ಚಾರ್ಜರಿನಿಂದ ತೆಗೆದರೂ 12.70 ಇಲ್ಲವೇ 12.71. ಇವಲ್ಲದೆ ಬ್ಯಾಲೆನ್ಸ್ ಕನೆಕ್ಟರಿಗೆ (ಪ್ರತಿ ಸೆಲ್ಲಿನ ಸಣ್ಣ ವೈರ್ ಬರುವ ಕನೆಕ್ಟರ್) ಸಿಕ್ಕಿಸುವ ಸಣ್ಣ ಚೆಕ್ಕರ್ ಒಂದಿದೆ. ವೋಲ್ಟೇಜ್ ಇಳಿದರೆ ಕಿರುಚುವಂಥದ್ದು. ಅದರ ಲೆಕ್ಕವೇ ಬೇರೆ:

ಹೊಸ ಚಾರ್ಜರಿನಿಂದ ಬಂದ ಬ್ಯಾಟರಿ: 4.17, 4.18, 4.17
ಹಳೇ ಚಾರ್ಜರಿನಿಂದ ಬಂದದ್ದು: 4.14, 4.14, 4.24

ಯಾವ ಸಾಲು ಕೂಡಿದರೂ 12.52. ಅಂದರೆ ಚಾರ್ಜರ್‌ಗಳದ್ದು ಒಂದು ಮಾತು, ಮೀಟರಿನದು ಇನ್ನೊಂದು, ಚೆಕ್ಕರಿನದು ಮತ್ತೊಂದು. ಮೀಟರ್ ಹೇಳುವುದೇ ನಿಜವಾದರೆ ಪ್ರತಿ ಸೆಲ್ಲಿಗೆ 4.23ಕ್ಕಿಂತ ಜಾಸ್ತಿ ಹೋಗುತ್ತಿದೆ. ಚೆಕ್ಕರ್ ನಿಜವಾದರೆ ಬ್ಯಾಟರಿ ಪೂರ್ತಿ ತುಂಬುತ್ತಲೇ ಇಲ್ಲ. ಜೊತೆಗೆ ಹಳೇ ಚಾರ್ಜರಿಗೆ ಹಾಕುತ್ತಿದ್ದ ಎರಡು ಬ್ಯಾಟರಿ ಊದಿಕೊಂಡಿವೆ. ಎರಡೂ ಒಂದೇ ಬದಿಗೆ ಊದಿವೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಚಾರ್ಜ್ ಮಾಡುವುದು ಪಡಸಾಲೆಯಲ್ಲಿ. ಹಾಗಾಗಿ ಅಂದಾಜಿನ ಮೇಲೆ ಬಿಡಲು ಮನಸ್ಸಿಲ್ಲ. ದುಬಾರಿ ಮೀಟರ್ ಕೊಳ್ಳದೆ ಇದನ್ನು ಪತ್ತೆ ಹಚ್ಚುವ ದಾರಿ ಇದೆಯಾ?


ಮೋಟರ್ ಮನೆ, ಗದಗ:

ಮೊದಲು ಮೀಟರ್ ಒಳಗಿನ 9 ವೋಲ್ಟ್ ಬ್ಯಾಟರಿ ಬದಲಾಯಿಸಿ ಸರ್. ಈ ಹಳದಿ ಮೀಟರುಗಳಲ್ಲಿ ಆ ಬ್ಯಾಟರಿ ಸೊರಗಿದರೆ ರೀಡಿಂಗ್ ಮೇಲಕ್ಕೆ ಹೋಗುತ್ತದೆ, ಕೆಳಕ್ಕಲ್ಲ. ಬ್ಯಾಟರಿ ಗುರುತು ಮೂಡುವ ತನಕ ಕಾಯಬೇಡಿ. ಆಮೇಲೆ ಒಂದು ಹೊಸ ಪೆನ್ಸಿಲ್ ಸೆಲ್ ತಂದು ಅಳೆದು ನೋಡಿ. 1.50 ಬಂದರೆ ಮೀಟರ್ ಸರಿ ಇದೆ ಅಂತ.


ಮಿಸ್ತ್ರಿ, ದಾಜಿಬಾನಪೇಟೆ ಹುಬ್ಬಳ್ಳಿ:

9 ವೋಲ್ಟ್ ಬ್ಯಾಟರಿ ಬಗ್ಗೆ ಗದಗಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಅದನ್ನು ಮೊದಲು ಮಾಡಿ. ನನ್ನ ಕೆಲಸ ಇನ್ವರ್ಟರ್, ಯುಪಿಎಸ್, ಇತ್ತೀಚೆಗೆ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ. ದಿನಾ ಬೆಳಗಾದರೆ ಇದೇ ಪಂಚಾಯ್ತಿ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೀಟರ್ ಜೊತೆ ಬಂದ ಚೀಟಿ ಇದ್ದರೆ ತೆಗೆದು ನೋಡಿ. ಡಿಟಿ830 ಜಾತಿಯ (ನಿಮ್ಮದರಂಥ ಅಗ್ಗದ ಹಳದಿ) ಮೀಟರಿಗೆ ಡಿಸಿ ವೋಲ್ಟೇಜಿನಲ್ಲಿ ಸಾಮಾನ್ಯವಾಗಿ 0.5 ಪರ್ಸೆಂಟ್, ಜೊತೆಗೆ ಕೊನೆಯ ಅಂಕಿಯಲ್ಲಿ 2 ಹೆಚ್ಚುಕಡಿಮೆ ಎಂದು ಬರೆದಿರುತ್ತದೆ. 20 ವೋಲ್ಟ್ ರೇಂಜಿನಲ್ಲಿ ಕೊನೆಯ ಅಂಕಿ ಅಂದರೆ 0.01. ಈಗ ಲೆಕ್ಕ ಹಾಕಿ. 12.60ರ 0.5 ಪರ್ಸೆಂಟ್ 0.063. ಅದಕ್ಕೆ 0.02 ಸೇರಿಸಿದರೆ 0.083. ಅಂದರೆ ಮೀಟರ್ ಹೊಚ್ಚ ಹೊಸದಿದ್ದಾಗಲೂ 12.52ರಿಂದ 12.68ರ ತನಕ ಏನೇ ತೋರಿಸಿದರೂ ಅದರ ಕಂಪನಿ ಪ್ರಕಾರ ಅದು ಒಳ್ಳೆಯ ಮೀಟರೇ. ಒಂದೇ ಸೆಲ್ ಅಳೆದರೂ 4.20ಕ್ಕೆ 0.04 ಆಚೀಚೆ ಹೋಗಬಹುದು. ಚಾರ್ಜರ್ ಸರಿ ಇದೆಯೋ ಇಲ್ಲವೋ ಅಂತ ತೀರ್ಪು ಕೊಡುವ ತಾಕತ್ತು ಈ ಮೀಟರಿಗೆ ಇಲ್ಲ. ಪರದೆ ಮೇಲೆ ಎರಡು ದಶಾಂಶ ಕಾಣುತ್ತದೆ ಅಂದ ಮಾತ್ರಕ್ಕೆ ಎರಡೂ ನಿಜ ಅಂತಲ್ಲ. ಇದೇ ಮಾತು ಚಾರ್ಜರಿನ ಸ್ಕ್ರೀನಿಗೂ ಅನ್ವಯ.

ಆದರೆ ಆ ಮೀಟರನ್ನು ಮೂಲೆಗೆ ಎಸೆಯಬೇಡಿ. ಅದು ಒಂದು ಕೆಲಸ ಚೆನ್ನಾಗಿ ಮಾಡುತ್ತದೆ. ಒಂದೇ ರೇಂಜಿನಲ್ಲಿ, ಒಂದೇ ಹೊತ್ತಿನಲ್ಲಿ, ಒಂದರ ಹಿಂದೆ ಒಂದು ಸೆಲ್ ಅಳೆದರೆ, ಮೀಟರಿನ ತಪ್ಪು ಎಲ್ಲಕ್ಕೂ ಒಂದೇ ಆಗಿರುತ್ತದೆ. ತೂಕದಲ್ಲಿ ಮೋಸ ಇರುವ ತಕ್ಕಡಿಯಲ್ಲೂ ಎರಡು ಚೀಲದಲ್ಲಿ ಯಾವುದು ಭಾರ ಅಂತ ತಿಳಿಯುತ್ತದಲ್ಲ, ಹಾಗೆ. ಸೆಲ್ ಎಷ್ಟಿದೆ ಅನ್ನುವುದು ತಪ್ಪಬಹುದು. ಸೆಲ್ಲಿಗೂ ಸೆಲ್ಲಿಗೂ ಎಷ್ಟು ವ್ಯತ್ಯಾಸ ಅನ್ನುವುದು ಅಷ್ಟು ಸುಲಭಕ್ಕೆ ತಪ್ಪುವುದಿಲ್ಲ.

ಈಗ ನೀವೇ ಬರೆದ ಎರಡನೇ ಸಾಲು ನೋಡಿ. 4.14, 4.14, 4.24. ಅದೇ ಚೆಕ್ಕರ್ ಹೊಸ ಚಾರ್ಜರಿನ ಬ್ಯಾಟರಿಗೆ ಮೂರೂ ಸೆಲ್ ಸಮ ಅಂದಿದೆ. ಅಂದರೆ ಚೆಕ್ಕರಿನ ಮೂರನೇ ಪಿನ್ ಕೆಟ್ಟಿಲ್ಲ. ಹಳೇ ಚಾರ್ಜರಿನಿಂದ ಬಂದ ಬ್ಯಾಟರಿಯಲ್ಲಿ ಮಾತ್ರ ಮೂರನೇ ಸೆಲ್ ಉಳಿದವಕ್ಕಿಂತ 0.10 ಮೇಲಿದೆ. ಬ್ಯಾಲೆನ್ಸ್ ಚಾರ್ಜ್ ಮುಗಿಸಿ ಬಂದ ಬ್ಯಾಟರಿಯಲ್ಲಿ 0.10 ವ್ಯತ್ಯಾಸ ಇರಲೇಬಾರದು. ನೀವು ಮೊತ್ತದ ಚಿಂತೆಯಲ್ಲಿದ್ದೀರಿ. ನನಗೆ ಚಿಂತೆ ಆಗಿದ್ದು ಆ ಮೂರನೇ ಸೆಲ್ ನೋಡಿ.

ಹೀಗೇಕೆ ಆಗುತ್ತದೆ ಅಂದರೆ, ಮೂರು ಸೆಲ್ಲಿನ ಬ್ಯಾಲೆನ್ಸ್ ಕನೆಕ್ಟರಿನಲ್ಲಿ ನಾಲ್ಕು ವೈರ್. ಕಪ್ಪು ವೈರಿನಿಂದ ಲೆಕ್ಕ ಹಿಡಿದರೆ ಮೊದಲನೆಯದು 4.2, ಎರಡನೆಯದು 8.4, ಮೂರನೆಯದು 12.6. ಅಗ್ಗದ ಚಾರ್ಜರ್‌ಗಳಲ್ಲಿ ಪ್ರತಿ ವೈರಿಗೂ ಎರಡೆರಡು ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಿ, ಒಳಗಿನ ಚಿಪ್ಪಿಗೆ ಕೊಡುತ್ತಾರೆ. ಚಿಪ್ 12.6ರಲ್ಲಿ 8.4 ಕಳೆದು ಮೂರನೇ ಸೆಲ್ ಎಷ್ಟು ಅಂತ ಹೇಳುತ್ತದೆ. ಆ ರೆಸಿಸ್ಟರ್ ಒಂದು ಪರ್ಸೆಂಟ್ ಆಚೀಚೆ ಇರಬಹುದಾದ ಜಾತಿಯದಾಗಿದ್ದು, ಮೇಲಿನ ವೈರಿನ ಲೆಕ್ಕದಲ್ಲಿ ಬರೀ 0.8 ಪರ್ಸೆಂಟ್ ತಪ್ಪು ಬಂತು ಅಂತಿಟ್ಟುಕೊಳ್ಳಿ. 12.6ರ 0.8 ಪರ್ಸೆಂಟ್ ಅಂದರೆ 0.10. ಆ 0.10 ಮೂರೂ ಸೆಲ್ಲಿಗೆ ಹಂಚಿಹೋಗುವುದಿಲ್ಲ. ಅಷ್ಟೂ ಮೂರನೇ ಸೆಲ್ಲಿನ ತಲೆ ಮೇಲೆ ಬೀಳುತ್ತದೆ. ಅದಕ್ಕೇ ಇಂಥ ಚಾರ್ಜರ್‌ಗಳಲ್ಲಿ ಮೇಲಿನ ಸೆಲ್ ಬಗ್ಗೆ ಯಾವಾಗಲೂ ಅನುಮಾನ ಇಟ್ಟುಕೊಳ್ಳಬೇಕು. ಮೊತ್ತ ಸರಿ ಬಂತು ಅಂತ ಸಮಾಧಾನಪಟ್ಟರೆ ಇದು ಕಾಣುವುದೇ ಇಲ್ಲ.

ತಪ್ಪು ಬ್ಯಾಟರಿಯದೋ ಚಾರ್ಜರಿನದೋ ಅಂತ ತಿಳಿಯಲು ಖರ್ಚಿಲ್ಲದ ಪರೀಕ್ಷೆ ಇದೆ. ಹೊಸ ಚಾರ್ಜರಿನಲ್ಲಿ ಒಂದು ಒಳ್ಳೆಯ ಬ್ಯಾಟರಿ ತುಂಬಿಸಿ. ಒಂದು ತಾಸು ಸುಮ್ನೆ ಇಡಿ. ಚಾರ್ಜ್ ಮುಗಿದ ಕೂಡಲೇ ಸೆಲ್ ಸ್ವಲ್ಪ ಇಳಿಯುತ್ತದೆ, 4.20 ಇದ್ದದ್ದು 4.19, 4.18 ಆಗುತ್ತದೆ. ಅದು ಸಹಜ, ಅದಕ್ಕೆ ಚಾರ್ಜರನ್ನು ಬೈಯಬಾರದು. ಇಳಿದು ನಿಂತ ಮೇಲೆ ಅದೇ ಬ್ಯಾಟರಿಯನ್ನು ಹಳೇ ಚಾರ್ಜರಿಗೆ ಸಿಕ್ಕಿಸಿ. ಸ್ಟಾರ್ಟ್ ಒತ್ತಬೇಡಿ. ಸೆಲ್ ವೋಲ್ಟೇಜ್ ತೋರಿಸುವ ಪುಟಕ್ಕೆ ಹೋಗಿ ಓದಿಕೊಳ್ಳಿ. ಕರೆಂಟ್ ಹರಿಯದಿದ್ದಾಗ ವೈರಿನಲ್ಲಿ, ಕನೆಕ್ಟರಿನಲ್ಲಿ ವೋಲ್ಟೇಜ್ ಕಳೆದುಹೋಗುವ ಪ್ರಶ್ನೆಯೇ ಇಲ್ಲ. ಅದಕ್ಕೇ ಚಾರ್ಜ್ ನಡೆಯುವಾಗ ಅಳೆಯುವುದಕ್ಕಿಂತ ಇದು ಒಳ್ಳೆಯದು. ಆಮೇಲೆ ಉಲ್ಟಾ ಮಾಡಿ. ಹಳೇದರಲ್ಲಿ ತುಂಬಿಸಿದ್ದನ್ನು ಹೊಸದರಲ್ಲಿ ನೋಡಿ. ಬ್ಯಾಟರಿ ತಪ್ಪಿದ್ದರೆ ತಪ್ಪು ಬ್ಯಾಟರಿ ಜೊತೆ ಹೋಗುತ್ತದೆ. ಚಾರ್ಜರ್ ತಪ್ಪಿದ್ದರೆ ಅಲ್ಲೇ ಉಳಿಯುತ್ತದೆ.

ಒಂದು ಎಚ್ಚರಿಕೆ, ದಯವಿಟ್ಟು ಹಗುರವಾಗಿ ತಗೋಬೇಡಿ. ಬ್ಯಾಲೆನ್ಸ್ ಕನೆಕ್ಟರಿನ ಪಿನ್‌ಗಳ ನಡುವೆ ಎರಡೂವರೆ ಮಿಲಿಮೀಟರ್ ಅಷ್ಟೇ ಜಾಗ. ಮೀಟರಿನ ಮುಳ್ಳು ಜಾರಿ ಎರಡು ಪಿನ್ನಿಗೆ ತಾಗಿದರೆ ಶಾರ್ಟ್. ಆ ಸಣ್ಣ ವೈರ್ ಕ್ಷಣದಲ್ಲಿ ಕಾದು ಮೇಲಿನ ಪ್ಲಾಸ್ಟಿಕ್ ಕರಗುತ್ತದೆ. ಒಂದು ಬ್ಯಾಲೆನ್ಸ್ ಎಕ್ಸ್‌ಟೆನ್ಷನ್ ವೈರ್ ತಂದು, ಒಂದು ತುದಿ ಕತ್ತರಿಸಿ, ನಾಲ್ಕೂ ವೈರನ್ನು ಸ್ಕ್ರೂ ಇರುವ ಕನೆಕ್ಟರ್ ಪಟ್ಟಿಗೆ ಒಂದೊಂದು ಮನೆ ಬಿಟ್ಟು ಬಿಗಿಯಿರಿ. ಮೊದಲು ಪಟ್ಟಿ ಬಿಗಿಯಬೇಕು, ಆಮೇಲೆ ಬ್ಯಾಟರಿ ಸಿಕ್ಕಿಸಬೇಕು. ಇಲೆಕ್ಟ್ರಿಕಲ್ ಅಂಗಡಿಯಲ್ಲಿ ಆ ಪಟ್ಟಿ ಸಿಗುತ್ತದೆ. ಆಮೇಲೆ ಅಳೆಯಲು ಕೈ ನಡುಗಬೇಕಾಗಿಲ್ಲ.

ಎಷ್ಟು ತಪ್ಪನ್ನು ಸಹಿಸಬಹುದು ಅಂತ ಕೇಳುತ್ತೀರಿ. ಲಿಥಿಯಂ ಸೆಲ್ ಮಾಡುವವರ ಕಾಗದಗಳಲ್ಲಿ 4.20ಕ್ಕೆ 0.05 ಹೆಚ್ಚುಕಡಿಮೆ ಅಂತ ಸಾಮಾನ್ಯವಾಗಿ ಇರುತ್ತದೆ. ಅಂದರೆ 4.25 ಕಟ್ಟಕಡೆಯ ಗೆರೆ. ಕಡಿಮೆ ಆದರೆ ನಷ್ಟವೇನಿಲ್ಲ. ಹಾರಾಟದ ಹೊತ್ತು ಸ್ವಲ್ಪ ಕಡಿಮೆ ಆಗುತ್ತದೆ, ಬ್ಯಾಟರಿ ಜಾಸ್ತಿ ದಿನ ಬಾಳುತ್ತದೆ. ಮೇಲೆ ಹೋಗುವುದೇ ಕೆಟ್ಟದ್ದು.


ಸ್ಪ್ರೇ ಡ್ರೋನ್, ಬ್ಯಾಡಗಿ:

ಮಿಸ್ತ್ರಿ ಅಣ್ಣಾವ್ರೇ, ನಡುವೆ ಒಂದು ಕೇಳುತ್ತೇನೆ. ನಾವು ಮೆಣಸಿನಕಾಯಿ, ಗೋವಿನಜೋಳದ ಹೊಲಕ್ಕೆ ಡ್ರೋನಿನಲ್ಲಿ ಔಷಧಿ ಹೊಡೆಯುತ್ತೇವೆ. ಚಾರ್ಜರ್ ಓಡುವುದು ಹೊಲದ ಬದುವಿನಲ್ಲಿ, ಜನರೇಟರ್ ಮೇಲೆ. ಜನರೇಟರಿನ ವೋಲ್ಟೇಜ್ ಏರಿಳಿತ ಆದರೆ ಚಾರ್ಜರ್ ಕೊಡುವ 4.20 ಕೂಡ ಏರಿಳಿತ ಆಗುತ್ತದಾ? ಮತ್ತೆ, ಒಂದು ಬ್ಯಾಟರಿಯಲ್ಲಿ ಒಂದು ಸೆಲ್ ಚಾರ್ಜ್ ಆಗುವಾಗ ಮಾತ್ರ ಕುಣಿಯುತ್ತದೆ. ಇಟ್ಟಾಗ ಸರಿ ಇರುತ್ತದೆ.


ಮಿಸ್ತ್ರಿ, ದಾಜಿಬಾನಪೇಟೆ ಹುಬ್ಬಳ್ಳಿ:

ಜನರೇಟರಿನಿಂದ ಆ ತಪ್ಪು ಬರುವುದಿಲ್ಲ ತಮ್ಮಾ. ಚಾರ್ಜರ್ ತನ್ನೊಳಗಿನ ಒಂದು ಸಣ್ಣ ರೆಫರೆನ್ಸ್ ವೋಲ್ಟೇಜಿಗೆ (ಏರಿಳಿಯದ ಆಧಾರ ವೋಲ್ಟೇಜ್) ಹೋಲಿಸಿ 4.20 ಲೆಕ್ಕ ಹಾಕುತ್ತದೆ. ಹೊರಗಿನ ಪೂರೈಕೆ ಸೊರಗಿದರೆ ಚಾರ್ಜಿಂಗ್ ನಿಧಾನ ಆಗುತ್ತದೆ, ಇಲ್ಲವೇ ಎರರ್ ಕೊಟ್ಟು ನಿಲ್ಲುತ್ತದೆ. ಗುರಿ ಬದಲಾಗುವುದಿಲ್ಲ.

ಕುಣಿಯುವ ಸೆಲ್ಲಿಗೆ ಕನೆಕ್ಟರ್ ನೋಡು. ಔಷಧಿ ಹೊಡೆಯುವ ಡ್ರೋನಿನ ಬ್ಯಾಲೆನ್ಸ್ ಪಿನ್ ಹಸಿರು ಕಟ್ಟಿರುತ್ತದೆ. ಸುಮ್ನೆ ಇದ್ದಾಗ ಆ ವೈರಿನಲ್ಲಿ ಕರೆಂಟ್ ಇಲ್ಲ, ರೀಡಿಂಗ್ ಸರಿ. ಬ್ಯಾಲೆನ್ಸ್ ಮಾಡುವಾಗ ಅದೇ ಸಣ್ಣ ವೈರಿನಲ್ಲಿ ಕರೆಂಟ್ ಹರಿಯುತ್ತದೆ, ಕೊಳೆ ಪಿನ್ನಿನಲ್ಲಿ ವೋಲ್ಟೇಜ್ ಕಳೆದುಹೋಗುತ್ತದೆ, ರೀಡಿಂಗ್ ಕುಣಿಯುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ನೋಡು. ಹೋಗದಿದ್ದರೆ ಆ ಕನೆಕ್ಟರ್ ಬದಲಾಯಿಸು.


ಲ್ಯಾಬ್ ಮಾಸ್ತರ, ಸಪ್ತಾಪುರ ಧಾರವಾಡ:

ಮಿಸ್ತ್ರಿಯವರು ಹೇಳಿದ್ದರಲ್ಲಿ ಒಂದಕ್ಷರ ಬದಲಾಯಿಸುವಂತಿಲ್ಲ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರದ ಲ್ಯಾಬ್ ನೋಡಿಕೊಂಡಿದ್ದವನು, ಈಗ ನಿವೃತ್ತ. ಈ ವಿಷಯ ನನಗೆ ಬಹಳ ಹತ್ತಿರದ್ದು. ವ್ಯತ್ಯಾಸ ನಂಬಬಹುದು ಎಂದು ಅವರು ಹೇಳಿದರು. ಸೆಲ್ ನಿಜಕ್ಕೂ ಎಷ್ಟಿದೆ ಎಂದು ತಿಳಿಯುವ ಬಗ್ಗೆ ನಾನು ಹೇಳುತ್ತೇನೆ.

ಮೊದಲು, ಪೆನ್ಸಿಲ್ ಸೆಲ್ ಆಧಾರವಲ್ಲ. 1.5 ಎನ್ನುವುದು ಅದರ ಹೆಸರು ಮಾತ್ರ. ಹೊಸ ಅಲ್ಕಲೈನ್ ಸೆಲ್ 1.6ರ ಹತ್ತಿರವೇ ಇರುತ್ತದೆ. ಮೊಬೈಲ್ ಚಾರ್ಜರಿನ 5 ವೋಲ್ಟ್ ಕೂಡ ಬೇಡ. ಯುಎಸ್‌ಬಿ ನಿಯಮದಲ್ಲೇ 4.75ರಿಂದ 5.5ರ ತನಕ ಅವಕಾಶ ಕೊಟ್ಟಿದ್ದಾರೆ. ಹೊಸ ಚಾರ್ಜರೂ ಹಳೇ ಚಾರ್ಜರೂ ಒಂದೇ ಮಾತು ಹೇಳುತ್ತವೆ ಎನ್ನುವುದೂ ಸಾಕ್ಷಿಯಲ್ಲ. ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ 12.60ಕ್ಕೆ ನಿಲ್ಲುವಂತೆಯೇ ಮಾಡಿಟ್ಟವರು, 12.60 ಹೇಳದೆ ಇನ್ನೇನು ಹೇಳಿಯಾರು?

ಹಿಂದೆ ಲ್ಯಾಬುಗಳಲ್ಲಿ ವೋಲ್ಟೇಜಿಗೆ ಆಧಾರವಾಗಿ ವೆಸ್ಟನ್ ಸೆಲ್ ಇರುತ್ತಿತ್ತು. 1893ರಲ್ಲಿ ಎಡ್ವರ್ಡ್ ವೆಸ್ಟನ್ ಮಾಡಿದ್ದು. ಎಚ್ ಆಕಾರದ ಗಾಜಿನ ಕೊಳವೆ, ಒಳಗೆ ಪಾದರಸ ಮತ್ತು ಕ್ಯಾಡ್ಮಿಯಂ. 1.018 ವೋಲ್ಟ್ ಕೊಡುತ್ತಿತ್ತು. ಆದರೆ ಅದರಿಂದ ಕರೆಂಟ್ ಎಳೆದರೆ ಕೆಡುತ್ತದೆ. ಅದಕ್ಕೇ ಪೊಟೆನ್ಶಿಯೋಮೀಟರ್ ಬಳಸುತ್ತಿದ್ದೆವು, ಕರೆಂಟ್ ಎಳೆಯದೆ ಒಂದು ವೋಲ್ಟೇಜನ್ನು ಇನ್ನೊಂದಕ್ಕೆ ಎದುರಿಟ್ಟು ಹೋಲಿಸುವ ಸಾಧನ ಅದು. ಪಿಯುಸಿ ಓದಿದವರಿಗೆ ಆ ಉದ್ದನೆಯ ತಂತಿ, ಜಾಕಿ, ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಗೆ ಬರುವ ಜಾಗ ನೆನಪಿರಬೇಕು. ಈಗ ವೋಲ್ಟಿನ ಅಳತೆಗೆ ಜೋಸೆಫ್‌ಸನ್ ಪರಿಣಾಮ (ಸೂಪರ್‌ಕಂಡಕ್ಟರುಗಳಿಂದ ನಿಖರ ವೋಲ್ಟ್ ಪಡೆಯುವ ರೀತಿ) ಬಳಸುತ್ತಾರೆ. 1990ರಿಂದ ಜಗತ್ತೆಲ್ಲ ಅದೇ. ನಮ್ಮ ದೇಶದಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಅದನ್ನು ಇಟ್ಟುಕೊಂಡಿದೆ. ಅಲ್ಲಿಂದ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬುಗಳಿಗೆ, ಅವುಗಳಿಂದ ದುಬಾರಿ ಮೀಟರುಗಳಿಗೆ ಅಳತೆ ಇಳಿದು ಬರುತ್ತದೆ.

ನಿಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಎಡಿ584 ಎನ್ನುವ ಚಿಪ್ ಇರುವ ಸಣ್ಣ ಬೋರ್ಡ್ ಆನ್‌ಲೈನಿನಲ್ಲಿ ಸಿಗುತ್ತದೆ. ಅಳತೆಗೆ ಆಧಾರವಾಗುವಂತೆ ಸ್ಥಿರವಾದ 2.5, 5, 7.5, 10 ವೋಲ್ಟ್ ಕೊಡುತ್ತದೆ. ಅದರ ಕೆ ದರ್ಜೆಯ ಚಿಪ್ಪಿಗೆ 5 ವೋಲ್ಟಿನಲ್ಲಿ 6 ಮಿಲಿವೋಲ್ಟ್ ತಪ್ಪಿರಬಹುದು, ಜೆ ದರ್ಜೆಯದಕ್ಕೆ 15. ಕೊಳ್ಳುವಾಗ ದರ್ಜೆ ನೋಡಿ. ಜೊತೆಗೆ ಬರುವ ಕೈಬರಹದ ಚೀಟಿಯನ್ನು ಪೂರ್ತಿ ನಂಬಬೇಡಿ.

ಈಗ ಪೊಟೆನ್ಶಿಯೋಮೀಟರಿನ ಬುದ್ಧಿಯನ್ನು ಇಲ್ಲಿ ಬಳಸೋಣ. ಸೆಲ್ಲನ್ನು ನೇರವಾಗಿ ಅಳೆಯಬೇಡಿ. ಬೋರ್ಡನ್ನು 5 ವೋಲ್ಟಿಗೆ ಇಡಿ. ಬೋರ್ಡಿನ ಮೈನಸ್ಸನ್ನು ಸೆಲ್ಲಿನ ಮೈನಸ್ಸಿಗೆ ಸೇರಿಸಿ. ಮೀಟರನ್ನು 2000 ಮಿಲಿವೋಲ್ಟ್ ರೇಂಜಿಗೆ ತಿರುಗಿಸಿ, ಎರಡರ ಪ್ಲಸ್‌ಗಳ ನಡುವೆ ಹಿಡಿಯಿರಿ. ಸೆಲ್ 4.20 ಇದ್ದರೆ 800 ಬರಬೇಕು. ಮೀಟರಿನ ಶೇಕಡಾ 0.5 ತಪ್ಪು ಈಗ 4.2 ವೋಲ್ಟಿನ ಮೇಲೆ ಬೀಳುವುದಿಲ್ಲ, ಬರೀ 0.8ರ ಮೇಲೆ ಬೀಳುತ್ತದೆ. ಅಂದರೆ 4 ಮಿಲಿವೋಲ್ಟ್, ಕೊನೆಯ ಅಂಕಿಯ 2 ಸೇರಿಸಿದರೆ 6. ಬೋರ್ಡಿನ 6 ಕೂಡಿದರೂ 12. ನೇರವಾಗಿ ಅಳೆದಾಗ 41 ಇತ್ತು. ಮೀಟರ್ ಅದೇ, ಅಳೆಯುವ ರೀತಿ ಬೇರೆ.

ಎರಡು ಷರತ್ತು. ಬೋರ್ಡ್ ತನ್ನದೇ ಬ್ಯಾಟರಿಯಲ್ಲಿ ಓಡಬೇಕು, ಗೋಡೆಯ ಅಡಾಪ್ಟರಿನಲ್ಲಿ ಅಲ್ಲ. ಎರಡನೇ, ಮೂರನೇ ಸೆಲ್ ಅಳೆಯುವಾಗ ಬೋರ್ಡಿನ ಮೈನಸ್ 4 ವೋಲ್ಟ್, 8 ವೋಲ್ಟ್ ಮೇಲೆ ಕುಳಿತಿರುತ್ತದೆ. ಅದು ಬೇರೆಲ್ಲೂ ತಾಗಬಾರದು. ಹಾಗೆಯೇ ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿರಬಾರದು.

ಇನ್ನೊಂದು, ಇಂಥ ಮೀಟರುಗಳ ಲೆಕ್ಕ 23 ಡಿಗ್ರಿಗೆ 5 ಡಿಗ್ರಿ ಆಚೀಚೆ ಎಂದು ಕಟ್ಟಿಕೊಟ್ಟದ್ದು. ಏಪ್ರಿಲ್ ಮಧ್ಯಾಹ್ನ ತಗಡಿನ ಕೆಳಗೆ ಕುಳಿತು ಮಿಲಿವೋಲ್ಟ್ ಹುಡುಕಬೇಡಿ. ಬೆಳಗಿನ ತಂಪಿನಲ್ಲಿ ಮಾಡಿ. ಬೋರ್ಡ್ ನನ್ನಲ್ಲಿದೆ, ಕೆ ದರ್ಜೆಯದು. ಸಪ್ತಾಪುರಕ್ಕೆ ಬಂದರೆ ಒಯ್ಯಬಹುದು.


ಪೇರಲತೋಟ, ನವಲೂರು:

ಮಾಸ್ತರೇ, ಬೋರ್ಡ್ ಕೊಟ್ಟದ್ದಕ್ಕೂ, ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದ್ದಕ್ಕೂ ತುಂಬಾ ಥ್ಯಾಂಕ್ಸ್. ಮಿಸ್ತ್ರಿ ಅಣ್ಣಾವ್ರೇ, ನಿಮಗೂ. ಎಲ್ಲವನ್ನೂ ಬೆಳಿಗ್ಗೆ ಕುಳಿತು ಅಳೆದೆ. ಫಲಿತಾಂಶ ಇಲ್ಲಿದೆ.

ಮೀಟರಿಗೆ ಹಳೆಯ 9 ವೋಲ್ಟ್ ಬ್ಯಾಟರಿ ಇದ್ದಾಗ ಬೋರ್ಡಿನ 5 ವೋಲ್ಟನ್ನು ಅದು 5.05 ಅಂದಿತು. ಹೊಸ ಬ್ಯಾಟರಿ ಹಾಕಿದ ಮೇಲೆ 5.02. ಬ್ಯಾಟರಿ ಗುರುತು ಒಮ್ಮೆಯೂ ಮೂಡಿರಲಿಲ್ಲ. ಗದಗಿನ ಸರ್ ಹೇಳಿದ್ದು ಅಕ್ಷರಶಃ ನಿಜ. ಈಗ ಚಾರ್ಜ್ ಮುಗಿದ ಬ್ಯಾಟರಿ 12.63 ತೋರಿಸುತ್ತದೆ. ಮೀಟರಿನ ತಪ್ಪು ಕಳೆದರೆ 12.58.

ಹೊಸ ಚಾರ್ಜರಿನಲ್ಲಿ ತುಂಬಿಸಿ, ತಾಸು ಬಿಟ್ಟ ಬ್ಯಾಟರಿ:
ಹೊಸ ಚಾರ್ಜರಿನ ಸ್ಕ್ರೀನ್: 4.19, 4.20, 4.19
ಹಳೇ ಚಾರ್ಜರಿನ ಸ್ಕ್ರೀನ್: 4.23, 4.23, 4.13, ಮೊತ್ತ 12.59

ಹಳೇದರಲ್ಲಿ ತುಂಬಿಸಿದ್ದನ್ನು ಹೊಸದಕ್ಕೆ ಹಾಕಿದಾಗ 4.16, 4.16, 4.26. ಬೇರೆ ಬ್ಯಾಟರಿ ಹಾಕಿದರೂ ಇದೇ ಕಥೆ. ತಪ್ಪು ಬ್ಯಾಟರಿ ಜೊತೆ ಹೋಗಲಿಲ್ಲ, ಚಾರ್ಜರಿನಲ್ಲೇ ಉಳಿಯಿತು.

ಆಮೇಲೆ ಮಾಸ್ತರ ರೀತಿಯಲ್ಲಿ, ಹಳೇದರಲ್ಲಿ ತುಂಬಿಸಿದ ಬ್ಯಾಟರಿಯನ್ನು ಬೋರ್ಡಿಗೆ ಹೋಲಿಸಿದೆ. ಮೀಟರಿನಲ್ಲಿ 843, 844, 743 ಬಂತು. ಅಂದರೆ ಸೆಲ್‌ಗಳು 4.157, 4.156, 4.257. ಮೂರನೇ ಸೆಲ್ 4.25ರ ಗೆರೆ ದಾಟಿದೆ. ಮೊತ್ತ ಮಾತ್ರ 12.57. ಮೊತ್ತ ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ.

ಸಣ್ಣ ಚೆಕ್ಕರ್ ಎಲ್ಲ ಸೆಲ್ಲಿಗೂ 0.02 ಕಡಿಮೆ ಹೇಳುತ್ತದೆ, ಒಂದೇ ಸಮನಾಗಿ. ಅದರ ಬೆನ್ನಿಗೆ ಚೀಟಿ ಅಂಟಿಸಿದ್ದೇನೆ.

ಈಗ ಹಳೇ ಚಾರ್ಜರ್ ಏನು ಮಾಡಲಿ? ಊದಿದ ಬ್ಯಾಟರಿಗಳಿಗೆ ಇದೇ ಕಾರಣವಾ?


ಮಿಸ್ತ್ರಿ, ದಾಜಿಬಾನಪೇಟೆ ಹುಬ್ಬಳ್ಳಿ:

ಬಹಳ ಚೆನ್ನಾಗಿ ಅಳೆದಿದ್ದೀರಿ. ಇಷ್ಟು ನೀಟಾಗಿ ಬರೆದು ತಂದರೆ ರಿಪೇರಿ ಮಾಡುವವನ ಅರ್ಧ ಕೆಲಸ ಮುಗಿದಂತೆ.

ಊದಿದ್ದಕ್ಕೆ ಇದು ಒಂದು ಕಾರಣ ಇರಬಹುದು, ಇದೊಂದೇ ಅಂತ ನಾನು ಹೇಳುವುದಿಲ್ಲ. ಒಂದೇ ಬದಿಗೆ ಊದಿವೆ ಅಂದರೆ ತುದಿಯ ಸೆಲ್ ಮೇಲೆ ಅನುಮಾನ ಬರುತ್ತದೆ, ನಿಜ. ಆದರೆ ಫುಲ್ ಚಾರ್ಜ್ ಮಾಡಿ ವಾರಗಟ್ಟಲೆ ಬೇಸಿಗೆಯಲ್ಲಿ ಇಟ್ಟರೂ ಲಿಪೋ ಊದುತ್ತದೆ. ಹಾರಿಸದ ದಿನ ಸೆಲ್ಲಿಗೆ 3.80ರಿಂದ 3.85ಕ್ಕೆ ಇಳಿಸಿ ಇಡಿ. ಎರಡೂ ಚಾರ್ಜರಿನಲ್ಲಿ ಸ್ಟೋರೇಜ್ ಅಂತ ಆಯ್ಕೆ ಇದ್ದೇ ಇರುತ್ತದೆ. ಊದಿದ ಎರಡಕ್ಕೂ ಮತ್ತೆ ಚಾರ್ಜ್ ಹಾಕಬೇಡಿ, ಚುಚ್ಚಬೇಡಿ, ಕಸದ ಗಾಡಿಗೂ ಹಾಕಬೇಡಿ. ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ. ಅಲ್ಲಿಯವರೆಗೆ ಮನೆಯ ಹೊರಗೆ, ಮಣ್ಣಿನ ಅಥವಾ ಲೋಹದ ಪಾತ್ರೆಯಲ್ಲಿ ಇರಲಿ. ಚಾರ್ಜ್ ಮಾಡುವುದನ್ನೂ ಪಡಸಾಲೆಯಿಂದ ಹೊರಗೆ ತನ್ನಿ. ಚಾರ್ಜರ್ ಎಷ್ಟೇ ಸರಿ ಇರಲಿ, ಇದು ಮಾತ್ರ ಮಾಡಿ.

ಚಾರ್ಜರ್ ವಿಷಯ. ನಿಮ್ಮ ಅಂಕಿಗಳನ್ನೇ ನೋಡಿ. ಮೊದಲ ಎರಡು ಸೆಲ್ಲಿಗೆ ಅದು 0.04 ಜಾಸ್ತಿ ಓದುತ್ತದೆ, ಹಾಗಾಗಿ 4.16ಕ್ಕೇ ನಿಲ್ಲಿಸುತ್ತದೆ. ಅದು ಸುರಕ್ಷಿತ. ಕೆಟ್ಟಿರುವುದು ಮೂರನೇ ವೈರಿನ ಲೆಕ್ಕ. ಎರಡು ಸೆಲ್ಲಿನ ಬ್ಯಾಟರಿಗೆ ಆ ಮೂರನೇ ವೈರ್ ಬರುವುದೇ ಇಲ್ಲ. ಸಣ್ಣ ವಿಮಾನಕ್ಕೆ ಎರಡು ಸೆಲ್ ಬ್ಯಾಟರಿ ಇದ್ದರೆ ಅವಕ್ಕೆ ಇದನ್ನು ಆರಾಮವಾಗಿ ಬಳಸಿ. ಸ್ವಲ್ಪ ಕಡಿಮೆ ತುಂಬುತ್ತದೆ, ಅಷ್ಟೇ. ಮೇಲೆ ದಪ್ಪ ಅಕ್ಷರದಲ್ಲಿ ಎರಡು ಸೆಲ್ಲಿಗೆ ಮಾತ್ರ ಅಂತ ಬರೆಯಿರಿ. ಮನೆಯಲ್ಲಿ ಬೇರೆಯವರು ಗೊತ್ತಿಲ್ಲದೆ ಮೂರು ಸೆಲ್ಲಿನದು ಹಾಕಬಾರದು.

ಸರಿ ಮಾಡಲೇಬೇಕು ಅಂದರೆ ಎರಡು ದಾರಿ. ಕೆಲವು ಚಾರ್ಜರಿನಲ್ಲಿ ಬಟನ್ ಒತ್ತಿ ಹಿಡಿದು ಆನ್ ಮಾಡಿದರೆ ಕ್ಯಾಲಿಬ್ರೇಷನ್ ಮೆನು ತೆರೆಯುತ್ತದೆ. ಕೆಲವದರಲ್ಲಿ ಸೆಲ್ ಸೆಲ್ಲಿಗೆ ಬೇರೆ ಬೇರೆ ತಿದ್ದಬಹುದು. ಮಾಡೆಲ್ ಯಾವುದು ಅಂತ ತಿಳಿದು, ಮಾಸ್ತರ ಬೋರ್ಡ್ ಪಕ್ಕದಲ್ಲಿಟ್ಟುಕೊಂಡು ಮಾತ್ರ ಆ ಮೆನುಗೆ ಕೈ ಹಾಕಿ. ಅಂದಾಜಿನಲ್ಲಿ ತಿದ್ದಿದರೆ ಇದ್ದದ್ದೂ ಹೋಗುತ್ತದೆ. ಮೆನು ಇಲ್ಲದಿದ್ದರೆ ಅಂಗಡಿಗೆ ತನ್ನಿ. ಮೂರನೇ ವೈರಿನ ಎರಡು ರೆಸಿಸ್ಟರ್ ತೆಗೆದು 0.1 ಪರ್ಸೆಂಟಿನವು ಹಾಕಿ ನೋಡೋಣ. ಚಿಪ್ ಕಡೆಯೇ ತಪ್ಪಿದ್ದರೆ ಅದರಿಂದ ಹೋಗುವುದಿಲ್ಲ, ಆಗ ಎರಡು ಸೆಲ್ಲಿಗೇ ಇಟ್ಟುಕೊಳ್ಳಿ.

ಹೊಸ ಚಾರ್ಜರ್ ಮೂರು ಸೆಲ್ಲಿನ ತನಕ ಸರಿ ಇದೆ ಅಂತ ಈಗ ಗೊತ್ತಾಗಿದೆ. ನಾಲ್ಕು, ಆರು ಸೆಲ್ಲಿನ ಪಿನ್‌ಗಳನ್ನು ನೀವಿನ್ನೂ ಅಳೆದಿಲ್ಲ. ದೊಡ್ಡ ಬ್ಯಾಟರಿ ಕೊಂಡ ದಿನ, ಮೊದಲ ಚಾರ್ಜ್ ಆದ ಮೇಲೆ ಮೇಲಿನ ಸೆಲ್ಲಿನಿಂದಲೇ ಅಳೆಯಲು ಶುರು ಮಾಡಿ.